ಅಣ್ಣನ ಬಂದೂಕಿನ ಚೀಟಿ

ದೀಪಾವಳಿಯ ಸುರುಸುರುಬತ್ತಿಗೂ ಬೆಚ್ಚಿ ಒಳಗೆ ಓಡುತ್ತಿದ್ದ ನಮ್ಮಣ್ಣ ಮಹೇಶ, ಜಪಾನಿನ ಇಚಿಕಾವಾ ಊರಿನ ತನ್ನ ಪುಟ್ಟ ಮನೆಯಲ್ಲಿ ಮೂರು ಬಂದೂಕು ಇಟ್ಟುಕೊಂಡಿದ್ದ. ಅಮೆರಿಕದ ಬಿಳಿಯರು ಪಡುವಣದ ಬಯಲುಗಳಿಗೆ ಗಾಡಿ ಕಟ್ಟಿಕೊಂಡು ನುಗ್ಗಿದ ಕಾಲದವು. ಆಗಲೇ ಹಡಗು ಹತ್ತಿ ಜಪಾನಿಗೆ ಬಂದಿದ್ದವು. ಸರ್ಕಾರದ ನೋಂದಣಿ ಕಾಗದ ಅವುಗಳ ಜೊತೆಗೇ ಇರುತ್ತಿತ್ತು. ಒಂದನ್ನೂ ಅವನು ಹಾರಿಸಿದವನಲ್ಲ. ಭಾನುವಾರ ಬಿಳಿ ಕೈಗವಸು ತೊಟ್ಟು, ಹಸುಗೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ನೋಡುತ್ತಿದ್ದ, ಅಷ್ಟೇ.

ಹತ್ತನೇ ತರಗತಿ ದಾಟದ ನನ್ನನ್ನು ಹೋಟೆಲಿನ ಅಡುಗೆ ಕೆಲಸಕ್ಕೆ ಸೇರಿಸಿ ಇಲ್ಲಿಗೆ ಕರೆಸಿಕೊಂಡವನು ಅವನೇ. ಬಂದೂಕಿನ ಹತ್ತಿರ ನಾನು ಬಟ್ಟೆ ಹಿಡಿದು ಹೋದರೆ, "ಒರೆಸ್ಬೇಡ ಕಣೋ. ಅದು ಕೊಳೆ ಅಲ್ಲ, ಹಿಸ್ಟರಿ," ಅನ್ನುತ್ತಿದ್ದ. ನನ್ನ ಅಂಗಿಯ ಸಾಂಬಾರಿನ ಕಲೆಗೆ ಆ ಮರ್ಯಾದೆ ಇರಲಿಲ್ಲ.

ಕುದುರೆ ಸವಾರರ ಗಿಡ್ಡ ಬಂದೂಕೊಂದು ಅವನಿಗೆ ಪ್ರಾಣ. ಹಳೆ ಸಾಮಾನಿನ ವ್ಯಾಪಾರಿ ಹಯಾಶಿ ಸಾನ್ ಅದನ್ನು ಅಣ್ಣನಿಗೆಂದೇ ಎರಡು ವರ್ಷ ತೆಗೆದಿಟ್ಟಿದ್ದರಂತೆ. ಅಣ್ಣನಿಗೆ ಈ ದೇಶದಲ್ಲಿದ್ದ ಸ್ನೇಹಿತರೆಂದರೆ ಆ ಮುದುಕರೊಬ್ಬರೇ. ಪ್ರತಿ ಶನಿವಾರ ಅವರ ಅಂಗಡಿಯಲ್ಲಿ ಇಬ್ಬರೂ ಕೂತು ಬಂದೂಕುಗಳ ವಂಶಾವಳಿ ಬಿಚ್ಚುತ್ತಿದ್ದರು.

ಆಯುಧಪೂಜೆಯ ದಿನ ಅಣ್ಣ ಆಫೀಸಿಗೆ ಹೋಗಿದ್ದ. ಮನೆಯಲ್ಲಿ ನಿಜವಾದ ಆಯುಧವಿದ್ದೂ ರೈಸ್ ಕುಕ್ಕರಿಗೆ ಕುಂಕುಮ ಇಡುವುದೇ ಎಂದು ಆ ಗಿಡ್ಡ ಬಂದೂಕನ್ನು ಇಳಿಸಿದೆ. ಹಿಡಿಯ ಮೇಲೊಂದು ಹಳದಿಗಟ್ಟಿದ ಚೀಟಿ ಅಂಟಿತ್ತು. ಅಂಗಡಿಯ ಚೀಟಿ ಕೀಳದೆ ನಮ್ಮಮ್ಮ ಹೊಸ ಚೊಂಬನ್ನೂ ಪೂಜೆಗೆ ಇಟ್ಟವಳಲ್ಲ. ಬಿಸಿನೀರಿನ ಬಟ್ಟೆಯಿಂದ ಉಜ್ಜಿ ಕಿತ್ತೆ. ಪೂಜೆ ಮುಗಿಸಿ, ಕುಂಕುಮ ಒರೆಸಿ, ಇದ್ದಲ್ಲೇ ಇಟ್ಟೆ. ಚೀಟಿಯನ್ನು ಈ ಊರಿನ ನಿಯಮದಂತೆ, ಸುಡಲು ಒಯ್ಯುವ ಕಸದ ಚೀಲಕ್ಕೆ ಹಾಕಿದೆ.

ಆ ಬಂದೂಕು ಯಾರದು, ಯಾವ ಹಡಗಿನಲ್ಲಿ ಬಂತು ಎಂಬುದಕ್ಕೆ ಅದೊಂದೇ ಸಾಕ್ಷಿಯೆಂದು ಭಾನುವಾರ ಅಣ್ಣ ಬೋಳು ಹಿಡಿ ತೋರಿಸಿ ಕೂಗಾಡಿದಾಗ ತಿಳಿಯಿತು.

"ನೀನೇನಾದ್ರೂ ಮುಟ್ಟಿದ್ಯೇನೋ?"

"ಇಲ್ಲಣ್ಣ."

ನನ್ನನ್ನೇ ನೋಡಿದ. "ನೀನು ದಡ್ಡ, ಆದ್ರೆ ಸುಳ್ಳ ಅಲ್ಲ. ಬುಧವಾರ ಹಯಾಶಿ ಸಾನ್ ಬಂದಾಗ ನಾನು ಟೀ ಮಾಡೋಕೆ ಒಳಗೆ ಹೋಗಿದ್ನಲ್ಲ, ಆಗ ಕಿತ್ಕೊಂಡಿದಾರೆ. ಬೇರೆ ಬಂದೂಕಿಗೆ ಅಂಟಿಸಿ ಮಾರೋಕೆ!"

ಅಣ್ಣ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಮುದುಕರು ಫೋನ್ ಮಾಡಿದರೆ ಎತ್ತಲಿಲ್ಲ. ಶನಿವಾರಗಳಲ್ಲಿ ನನ್ನ ಜೊತೆ ಕೂತು ಟೀವಿ ನೋಡತೊಡಗಿದ. "ರಕ್ತಸಂಬಂಧನೇ ಕೊನೆಗೆ ಕಣೋ," ಅನ್ನುತ್ತಿದ್ದ. ನಾನು ಚಾನೆಲ್ ಬದಲಿಸುತ್ತಿದ್ದೆ.

ಹೋದ ವರ್ಷ ಅಣ್ಣನ ಹೃದಯ ನಿಂತಿತು. ಅಂತ್ಯಕ್ರಿಯೆಗೆ ಬಂದ ಹಯಾಶಿ ಸಾನ್ ಅವನ ಫೋಟೋದ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ಬಾಗಿ ನಿಂತರು. ಆಮೇಲೆ ನನ್ನ ಬಳಿ ಬಂದು ತಮ್ಮ ಭಾಷೆಯಲ್ಲಿ ಮೆಲ್ಲಗೆ ಕೇಳಿದರು: "ಮಹೇಶ್ ಸಾನ್ ಮನಸ್ಸಿಗೆ ನಾನು ಏನು ನೋವು ಮಾಡಿದೆ?"

"ಗೊತ್ತಿಲ್ಲ," ಅಂದೆ. ಜಪಾನಿ ಭಾಷೆಯಲ್ಲಿ ನಾನು ತಡವರಿಸದೆ ಹೇಳಬಲ್ಲ ನಾಲ್ಕಾರು ಮಾತುಗಳಲ್ಲಿ ಅದೂ ಒಂದು.