ಠಾಣೆವರೆಗಿನ ಸೀಟು

ಊರಿನಿಂದ ಹೊಸದಾಗಿ ಬಂದವರಿಗೆ ನೆಲೆ ಮಾಡಿಕೊಡುವ ಏರ್ಪಾಡೊಂದು ಡೊಂಬಿವಲಿಯ ನಮ್ಮ ಕನ್ನಡದವರಲ್ಲಿ ಉಂಟು. ಇರಲಿಕ್ಕೆ ಒಂದು ಖೋಲಿ, ಸಂಜೆ ಮರಾಠಿ ಕ್ಲಾಸು, ಮಕ್ಕಳಿಗೆ ಶಾಲೆ, ದೊಡ್ಡವರಿಗೆ ಕೆಲಸ. ಕಾಲೂರಿದ ಮೇಲೆ ಖೋಲಿ ಬಿಡಬೇಕು, ಮುಂದಿನವರು ಕಾಯುತ್ತಿರುತ್ತಾರೆ. ಆಧಾರು, ಬ್ಯಾಂಕು ಎಲ್ಲ ಓದಿದವರು ನೋಡಿಕೊಳ್ಳುತ್ತಾರೆ. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನನಗೆ ಕೊಟ್ಟದ್ದು ರೈಲು ಹತ್ತಿಸುವ ಕೆಲಸ. ನಗಬೇಡಿ. ಇಲ್ಲಿ ರೈಲು ಹತ್ತಲು ಬಾರದವರಿಗೆ ಉಳಿದದ್ದೆಲ್ಲ ಬಂದೂ ಪ್ರಯೋಜನವಿಲ್ಲ.

ವಿಜಯಪುರದ ಕಡೆಯ ಹೆಂಗಸೊಬ್ಬಳು ಮಗಳನ್ನು ಕಟ್ಟಿಕೊಂಡು ಬಂದಳು. ಗಂಡ ತೀರಿಹೋಗಿದ್ದ. ಹಿಂದಿರುಗಿದರೆ ಅಣ್ಣನ ಮನೆಯಲ್ಲಿ ಊಟಕ್ಕೆ ತೊಂದರೆಯಿಲ್ಲ, ಆದರೆ ಹುಡುಗಿಯ ಶಾಲೆ ಮುಗಿಯಿತು. ಮದುವೆ ಮಾಡಿಬಿಡುತ್ತೇನೆ ಎಂದು ಅಣ್ಣ ಮೊದಲೇ ಹೇಳಿದ್ದ. ಹುಡುಗಿಗೆ ಆಗ ಎಂಟನೇ ಕ್ಲಾಸು. ತಾಯಿಗೆ ಠಾಣೆ ಪಟ್ಟಣದ ಒಂದು ಆಸ್ಪತ್ರೆಯಲ್ಲಿ ವಾರ್ಡಿನ ಮಾವಶಿ ಕೆಲಸ ಸಿಕ್ಕಿತು. ರೋಗಿಗಳ ಹಾಸಿಗೆ ಬದಲಿಸುವುದು, ಮೈ ಒರೆಸುವುದು. ದೀಪಾವಳಿಯ ತನಕ ನೋಡುತ್ತೇವೆ, ಸರಿಹೋದರೆ ಖಾಯಂ ಎಂದರು. ಬೆಳಿಗ್ಗೆ ತಡವಾಗುವಂತಿಲ್ಲ.

ನಾನು ಅವಳನ್ನು ಡೊಂಬಿವಲಿಯಿಂದಲೇ ಹೊರಡುವ ಲೋಕಲ್ಲಿಗೆ ಹತ್ತಿಸಿದೆ. ಅದರಲ್ಲಿ ನೂಕಿದರೆ ಸೀಟು ಸಿಗುತ್ತದೆ. ಕಲ್ಯಾಣದ ಕಡೆಯಿಂದ ಬರುವ ಗಾಡಿಗಳು ತುಂಬಿಯೇ ಬರುತ್ತವೆ. ಲೇಡೀಸ್ ಡಬ್ಬಿಯ ನೇಮವನ್ನೂ ಹೇಳಿದ್ದೆ. ಕುಳಿತವಳನ್ನು ನಿಂತವಳು "ಕುಠೇ ಉತರಣಾರ?" ಎಂದು ಕೇಳುತ್ತಾಳೆ, ಎಲ್ಲಿ ಇಳಿಯುತ್ತೀ ಎಂದು. ಠಾಣೆ ಎಂದು ಹೇಳಿದೆವೋ, ಠಾಣೆಯಿಂದಾಚೆ ಆ ಸೀಟು ಕೇಳಿದವಳದು. ಬಾಯಿಮಾತು ಅಷ್ಟೇ, ಆದರೆ ಯಾರೂ ಮೀರುವುದಿಲ್ಲ.

ಮೊದಮೊದಲು ನಾನೂ ಠಾಣೆಯವರೆಗೆ ಜೊತೆಗೆ ಹೋಗುತ್ತಿದ್ದೆ. ಒಂದು ದಿನ ಇವಳನ್ನು ಹಾಗೆ ಕೇಳಿದವಳು ದಪ್ಪನೆಯ ಮರಾಠಿ ಹೆಂಗಸು. ಅವಳಿಗೆ ಮಸ್ಜಿದ್ ಬಂದರಿನವರೆಗೆ ಪ್ರಯಾಣ. ಮನೆಯ ಅಡುಗೆ ಮುಗಿಸಿ ಬಂದು ಠಾಣೆಯಾಚೆ ಸಿಗುವ ಅರ್ಧ ನಿದ್ದೆಯೇ ಅವಳ ನಿದ್ದೆ. ನಮ್ಮವಳು ಠಾಣೆ ಎಂದಳು. ದಿವಾದಲ್ಲಿ ಗಂಟು ಹೊತ್ತ ಮುದುಕಿಯೊಬ್ಬಳು ಹತ್ತಿದಳು. ನಮ್ಮವಳು ತಟ್ಟನೆ ಎದ್ದು, ಸೆರಗು ಸರಿಮಾಡಿಕೊಂಡು, "ಕುಂದರ‍್ರಿ ಆಯಿ" ಎಂದು ಅವಳನ್ನು ಕೂರಿಸಿದಳು. ನಾನು ಕೈ ಎಳೆದೆ, ಕೇಳಲಿಲ್ಲ. ಠಾಣೆ ಬಂತು. ಕುಳಿತ ಮುದುಕಿಯನ್ನು ಎಬ್ಬಿಸುವವರು ಯಾರು?

"ಸೀಟ್ ಕಾಯ್ ತುಝ್ಯಾ ಬಾಪಾಚೀ?" ಎಂದು ಆ ಹೆಂಗಸು ಕಿರುಚಿದಳು. ಸೀಟೇನು ನಿನ್ನಪ್ಪನದಾ ಎಂದು.

ಪ್ಲಾಟ್‌ಫಾರ್ಮಿಗೆ ಇಳಿದ ಮೇಲೆ ನಾನೂ ಬೈದೆ. "ಎಂತ ಮಾಡಿದ್ದು ಮಾರಾಯ್ತಿ ನೀನು? ಮಾತು ಕೊಟ್ಟ ಮೇಲೆ ಅದು ನಿಂದಾ ಬೇರೆಯವರಿಗೆ ಕೊಡ್ಲಿಕ್ಕೆ?"

"ಹಿರ‍್ಯಾರು ನಿಂತಾಗ ನಾ ಹ್ಯಾಂಗ ಕುಂದರ‍್ಲಿರಿ, ಆಯಿ? ನಮ್ಮವ್ವ ಹಂಗ ಕಲಿಸಿಲ್ರಿ."

"ನಿನ್ನವ್ವ ಲೋಕಲ್ ಹತ್ತಿರ್ಲಿಲ್ಲ."

ಮರುದಿನದಿಂದ ಆ ಹೆಂಗಸೂ ಅವಳ ಗುಂಪಿನವರೂ ಬಾಗಿಲಲ್ಲೇ ನಿಲ್ಲತೊಡಗಿದರು. ಇವಳು ಬಂದರೆ ಮೊಣಕೈ ಅಡ್ಡ. ಬೇರೆ ಡಬ್ಬಿಯಿಲ್ಲವೇ ಎಂದು ನೀವು ಕೇಳಬಹುದು. ಉಂಟು, ಪ್ಲಾಟ್‌ಫಾರ್ಮಿನ ಆಚೆ ತುದಿಗೆ. ಇವಳು ಅಲ್ಲಿಗೆ ಓಡುವಷ್ಟರಲ್ಲಿ ಗಾಡಿ ಹೊರಟಿರುತ್ತಿತ್ತು. ಮತ್ತೆ ಕಲ್ಯಾಣದಿಂದ ಬರುವ ತುಂಬಿದ ಗಾಡಿಗಳಿಗೆ ಕಾಯಬೇಕು. ಆಸ್ಪತ್ರೆಯಲ್ಲಿ ತಡ, ಮತ್ತೆ ತಡ. ಇನ್ನೊಮ್ಮೆ ತಡವಾದರೆ ಬರುವುದೇ ಬೇಡ ಎಂದು ಅಲ್ಲಿನ ಸಿಸ್ಟರ್ ಹೇಳಿದರು. ಆ ಸಂಜೆ ಖೋಲಿಗೆ ಹೋದಾಗ ಹುಡುಗಿ ಪಾಠ ಓದುತ್ತಿದ್ದಳು, ತಾಯಿ ಕಣ್ಣೊರೆಸಿಕೊಂಡು ಸೀರೆಗಳನ್ನು ಮಡಿಸುತ್ತಿದ್ದಳು. ಟ್ರಂಕು ಹಲಗೆಯಿಂದ ಕೆಳಗಿಳಿದಿತ್ತು.

"ಅಳ್ಬೇಡ. ನಾಳೆ ನೀನೂ ಮೊಣಕೈ ಹಾಕು, ನೂಕು" ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ.

"ನಾಳಿ ಹಬ್ಬದ ಪೂಜಾ ಐತಂತ್ರಿ ಡಬ್ಬ್ಯಾಗ" ಎಂದಳು.

ದಸರಾ ರಜೆ ಬರುವ ಮುಂಚೆ ಹೆಂಗಸರೆಲ್ಲ ಸೇರಿ ಡಬ್ಬಿಗೆ ಚೆಂಡುಹೂ ಕಟ್ಟಿ, ದೇವಿಯ ಪಟ ಇಟ್ಟು ಪೂಜೆ ಮಾಡುತ್ತಾರೆ. ಬೆಳಿಗ್ಗೆ ನಾನು ಸ್ಟೇಷನ್ನಿಗೆ ಹೋದಾಗ ಇವಳು ಹೊರಗಿನ ಹೂವಿನವಳ ಹತ್ತಿರ ಆಪ್ಟೆ ಎಲೆ ಕೊಳ್ಳುತ್ತಿದ್ದಳು. ಇಲ್ಲಿನವರು ಅದನ್ನು ಸೋನ, ಅಂದರೆ ಬಂಗಾರ ಎಂದು ಹಂಚುತ್ತಾರೆ.

"ನಮ್ಮೂರಾಗ ಬನ್ನಿ ಅಂತ ಕೊಡ್ತೀವ್ರಿ. ಕೊಟ್ಟ ಮ್ಯಾಲ ವರ್ಷದ ಜಗಳ ಇಟ್ಕೊಳ್ಳೂ ಹಂಗಿಲ್ರಿ."

ನಮ್ಮ ಉಡುಪಿ ಕಡೆ ಆ ಪದ್ಧತಿಯಿಲ್ಲ. ಎಲೆ ಕೊಟ್ಟರೆ ರೈಲಿನ ಬಾಗಿಲು ಬಿಡುತ್ತಾರೆಂದು ನಾನು ನಂಬಲಿಲ್ಲ.

ಗಾಡಿ ಪ್ಲಾಟ್‌ಫಾರ್ಮಿಗೆ ಬಂದು ನಿಂತಿತು. ದಪ್ಪನೆಯವಳು ಎಲ್ಲರಿಗಿಂತ ಮೊದಲು ಹತ್ತಿ ಬಾಗಿಲಿಗೆ ಹೂ ಕಟ್ಟತೊಡಗಿದಳು. ಇವಳು ಕೆಳಗಿನಿಂದಲೇ ಬಗ್ಗಿ ಅವಳ ಕಾಲು ಮುಟ್ಟಿ ಎಲೆ ಮುಂದೆ ಹಿಡಿದಳು. ಮರಾಠಿ ಕ್ಲಾಸಿನಲ್ಲಿ ಕಲಿತದ್ದೆಲ್ಲ ಮರೆತುಹೋಗಿ, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಅಕ್ಕಾರ" ಎಂದಳು. ಮಾತು ತಿಳಿಯಿತೋ ಇಲ್ಲವೋ, ಎಲೆ ತಿಳಿಯಿತು. ಹಬ್ಬದ ಎಲೆಯನ್ನು ಬೇಡ ಎನ್ನುವುದು ಅವರಲ್ಲೂ ಇಲ್ಲ. ಆ ಹೆಂಗಸು ನಗಲಿಲ್ಲ. ಎಲೆಯನ್ನು ಊಟದ ಡಬ್ಬದ ಚೀಲಕ್ಕೆ ಹಾಕಿಕೊಂಡು, "ಪುನ್ಹಾ ಸೀಟ್ ವಾಟೂ ನಕೋ" ಎಂದಳು. ಮತ್ತೆ ಸೀಟು ದಾನ ಮಾಡಬೇಡ ಎಂದು. ಆಮೇಲೆ ಒಂದು ಪಕ್ಕಕ್ಕೆ ಸರಿದಳು.

ಅಂದು ಇವಳಿಗೆ ಸೀಟೇನೂ ಸಿಗಲಿಲ್ಲ. ನಿಂತುಕೊಂಡು ಹೋದಳು. ಹೊತ್ತಿಗೆ ಸರಿಯಾಗಿ ಹೋದಳು, ಬೇಕಾಗಿದ್ದದ್ದು ಅದೇ. ದೀಪಾವಳಿಯ ನಂತರ ಕೆಲಸ ಖಾಯಂ ಆಯಿತು. ಮುಂದಿನ ವರ್ಷ ಖೋಲಿ ಬಿಟ್ಟು ಬಾಡಿಗೆ ಮನೆ ಹಿಡಿದಳು. ಹುಡುಗಿ ಈಗ ಕಾಲೇಜು. ತಾಯಿ ಕನ್ನಡದಲ್ಲಿ ಬೈದರೆ ಮರಾಠಿಯಲ್ಲಿ ಎದುರುತ್ತರ ಕೊಡುತ್ತಾಳಂತೆ.

ಮೊನ್ನೆ ನನಗೆ ಕಣ್ಣು ತೋರಿಸಲು ದಾದರಿಗೆ ಹೋಗಬೇಕಿತ್ತು. ಅದೇ ಡಬ್ಬಿ ಹತ್ತಿದೆ. ನಮ್ಮವಳು ಕಿಟಕಿಯ ಹತ್ತಿರ ಕುಳಿತಿದ್ದಳು. ಎದುರಿಗೆ ನಿದ್ದೆಗಣ್ಣಿನ ಹುಡುಗಿಯೊಬ್ಬಳು ಕಂಬ ಹಿಡಿದು ನಿಂತಿದ್ದಳು. ನಮ್ಮವಳು ನನ್ನನ್ನು ನೋಡಿದಳು. ಏಳಲಿಲ್ಲ.

"ಆಯಿ, ಈ ಸೀಟ ಈ ಹುಡುಗೀಗೆ ಹೇಳೀನ್ರಿ. ಚೀಲ ಇಲ್ಲಿ ಕೊಡ್ರಿ" ಎಂದು ನನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಸಾಲಿನುದ್ದಕ್ಕೂ "ಕುಠೇ ಉತರಣಾರ?" ಎಂದು ಕೂಗಿ ಕೇಳಿ, ಠಾಣೆಯ ಮುಂದಿನ ಸ್ಟೇಷನ್ ಮುಲುಂಡಿನಲ್ಲಿ ಇಳಿಯುವವಳೊಬ್ಬಳನ್ನು ಹುಡುಕಿ ಆ ಸೀಟನ್ನು ನನಗೆ ಹೇಳಿಸಿದಳು.

ಮೊಣಕಾಲು ನೋಯುತ್ತಿತ್ತು. ನಿಂತೇ ಇದ್ದೆ. ಠಾಣೆ ಬಂದಾಗ ಅವಳು ಚೀಲವನ್ನು ನನ್ನ ಕೈಗೆ ಕೊಟ್ಟು, ನೂಕುವವರ ನಡುವೆ ತಾನೂ ನೂಕುತ್ತ ಇಳಿದುಹೋದಳು. ನಿಂತಿದ್ದ ಹುಡುಗಿ ಅಲ್ಲಿ ಕುಳಿತು, ಗಾಡಿ ಹೊರಡುವ ಮೊದಲೇ ಕಣ್ಣು ಮುಚ್ಚಿದಳು.