ಎಚ್ಚರಿಕೆ ಬೋರ್ಡಿನ ಹಿಂದೆ ಗೋಲ್ಡನ್ ರಿಟ್ರೀವರ್

ಎಂಬತ್ತರ ದಶಕದಲ್ಲಿ ನಾನು ಜಯನಗರದಲ್ಲಿ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ನೋಡಿ ಬರೆದುಕೊಳ್ಳುತ್ತಿದ್ದೆ. ನಾಯಿಗಳ ವಿಷಯದಲ್ಲಿ ನನಗೆ ಅನುಭವ ಸಾಕಷ್ಟಿತ್ತು. ಗುರುತು ಮೀನಖಂಡದ ಮೇಲೆ ಇನ್ನೂ ಇದೆ. ಹಾಗಾಗಿ ರಿಟೈರ್ಡ್ ಆಫೀಸರ್ ಒಬ್ಬರ ಗೇಟಿನಲ್ಲಿ 'ನಾಯಿ ಇದೆ, ಎಚ್ಚರಿಕೆ' ಎಂಬ ಹೊಸ ಬೋರ್ಡ್ ಕಂಡು ಹೊರಗೇ ನಿಂತೆ.

"ಬನ್ನಿ, ಏನೂ ಮಾಡಲ್ಲ. ಗೋಲ್ಡನ್ ರಿಟ್ರೀವರ್, ಫಾರಿನ್ ಜಾತಿ," ಅಂದರು ಯಜಮಾನರು. ಬಂಗಾರದ ಬಣ್ಣದ ನಾಯಿ ಓಡಿ ಬಂದು, ಅವರದೇ ಹವಾಯಿ ಚಪ್ಪಲಿಯನ್ನು ನನ್ನ ಕಾಲ ಬಳಿ ಇಟ್ಟು, ಕೈ ನೆಕ್ಕಿತು.

ನಾನು ಮೀಟರ್ ನೋಡಿದ ಮೇಲೆ ಯಜಮಾನರು ಕಾಫಿ ಕೊಟ್ಟು ಪಿಸುಗುಟ್ಟಿದರು: "ಮನೆಯವರೆಲ್ಲ ಮುದ್ದು ಮಾಡಿ, ಮೊಸರನ್ನ ಹಾಕಿ ಇದನ್ನ ಕೆಡಿಸಿದಾರೆ. ಕಳ್ಳ ಬಂದ್ರೂ ಬಾಲ ಅಲ್ಲಾಡ್ಸತ್ತೆ. ನೀವು ಹೋಗೋವಾಗ ಸ್ವಲ್ಪ ಕಿರುಚ್ಕೊಂಡು ಓಡಿ. ಬೀದಿಯವರಿಗೆ ಭಯ ಇರ್ಲಿ."

ಕಾಫಿಯ ದಾಕ್ಷಿಣ್ಯಕ್ಕೆ "ಅಯ್ಯೋ, ಕಚ್ತು" ಅಂತ ಕೂಗುತ್ತಾ ಓಡಿದೆ. ನಾಯಿ ಬೆದರಿ ತುಳಸಿಕಟ್ಟೆಯ ಹಿಂದೆ ಅವಿತುಕೊಂಡಿತು. ಎದುರು ಮನೆಯ ಕಿಟಕಿ ತೆರೆಯಿತು. ಬೇರೆ ದಾರಿ ಕಾಣದೆ ಯಜಮಾನರು ಕಾಂಪೌಂಡಿನ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು ತಾವೇ ಬೊಗಳಿದರು.

ದನಿ ಅಪ್ಪಟ ಬೀದಿನಾಯಿಯದ್ದು. ಇಂಥ ಕಂಠ ಮನೆಯಲ್ಲೇ ಇರುವಾಗ ಫಾರಿನ್ ಜಾತಿ ಯಾಕೆ ತರಿಸಿದರೋ.