ಬಿಳಿ ಕಾರಿನ ಹಿಂದಿನ ಸೀಟು

ಠಾಣೆ ನಗರದ ಹೊರವಲಯದಲ್ಲಿ ಕಾರು ಕಂಪನಿಯೊಂದು ತನ್ನ ಹಳೆಯ ವಾಹನಗಳಿಗಾಗಿ ಕಟ್ಟಿಸಿದ ಮ್ಯೂಸಿಯಮ್ಮಿಗೆ ನನ್ನನ್ನು ಕರೆದೊಯ್ದವರು ಡೊಂಬಿವಲಿಯಲ್ಲಿ ಹೋಟೆಲು ನಡೆಸುವ ಭಾವ. ಮುಟ್ಟಬೇಡಿ, ಒರಗಬೇಡಿ ಎಂಬ ಫಲಕಗಳ ನಡುವೆ, ಕೆಂಪು ಕಾರೊಂದರ ಪಕ್ಕದಲ್ಲಿ, ಬಿಳಿ ಕಾರೊಂದು ಫಳಫಳ ಹೊಳೆಯುತ್ತಿತ್ತು. ಗೈಡು ಧಾರವಾಡದ ಕಡೆಯವನು. ನಮ್ಮ ಮಾತು ಕಿವಿಗೆ ಬಿದ್ದದ್ದೇ ಹಿಂದಿ ಬಿಟ್ಟು ಕನ್ನಡಕ್ಕೆ ಹೊರಳಿದ.

"ಈ ಗಾಡಿ ರಸ್ತಾಕ್ಕ ಇಳೀಲಾರದs ಮೂವತ್ತ್ ವರ್ಷ ಆತ್ರಿ."

ನನಗೇಕೋ ನಂಬಿಕೆ ಬರಲಿಲ್ಲ. ರಸ್ತೆಗಿಳಿಯದ ಕಾರಿನ ಬಂಪರಿಗೆ ಲಿಂಬೆಹಣ್ಣು, ಹಸಿಮೆಣಸು ಕಟ್ಟಿದ್ದರು. ಮೆಣಸಿನ ತೊಟ್ಟು ಕೂಡ ಬಾಡಿರಲಿಲ್ಲ. ನಿಂತ ಗಾಡಿಗೆ ಯಾರ ಕಣ್ಣು ತಾಗುತ್ತದೆ ಎಂದು ಕೇಳಿದೆ.

"ನೋಡಾಕ ಬರೋರದs ರೀ," ಎಂದ. ಉತ್ತರ ಅಷ್ಟು ಸಲೀಸಾಗಿ ಬಂದದ್ದರಿಂದಲೇ ನನ್ನ ಸಂಶಯ ಹೆಚ್ಚಾಯಿತು.

ಮದುವೆ ಅಡುಗೆಯ ಕಾಂಟ್ರಾಕ್ಟನ್ನೂ ಹಿಡಿಯುವ ಭಾವ ಕಿಟಕಿಯ ಗಾಜಿಗೆ ಮೂಗು ಒತ್ತಿ ಒಳಗೆ ನೋಡಿದರು.

"ಇಲ್ಲಿ ನೋಡು ಮಾರಾಯ, ಅಕ್ಷತೆ!"

ಹಿಂದಿನ ಸೀಟಿನ ಸಂದಿಯಲ್ಲಿ ಕುಂಕುಮ ಹಚ್ಚಿದ ಅಕ್ಕಿಕಾಳುಗಳು ಸಿಕ್ಕಿಕೊಂಡಿದ್ದವು. ಬಣ್ಣ ಇನ್ನೂ ಮಾಸಿರಲಿಲ್ಲ.

ಗೈಡಿನ ಮುಖ ಬಿಳಿಚಿತು. "ನೀವು ಹೆಡ್ ಆಫೀಸಿನವರೇನ್ರಿ?"

"ಎಂಥ ಹೆಡ್ ಆಫೀಸು! ಬರುವ ತಿಂಗಳು ನನ್ನ ಮಗಳ ಮದುವೆ ಉಂಟು. ಹಾಗಾಗಿ ಕಣ್ಣಿಗೆ ಅದೇ ಬೀಳುವುದು," ಎಂದರು ಭಾವ.

ಅವನು ನಮ್ಮಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ಅಳೆದ. ಆಮೇಲೆ ಬಾಗಿಲಲ್ಲಿದ್ದ ವಾಚ್‌ಮನ್ನಿಗೆ ಬೆನ್ನು ಮಾಡಿ ನಿಂತು, ದನಿ ತಗ್ಗಿಸಿದ.

"ಬಿಳೇದು ಬೇಕೇನ್ರಿ, ಆ ಕೆಂಪಂದು ಬೇಕೋ?"